ದೇವರ ಪೀಠದ ಪಕ್ಕದ ಜಪಾನಿ ಹೆಂಗಸು

ಅರಬ್ ನಾಡಿನ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಕ್ಯಾಸ್ಮಿರನಿಗೆ, ಕೆಲಸ ಮುಗಿಸಿ ಹೊರಟ ಜಪಾನಿ ಇಂಜಿನಿಯರೊಬ್ಬ ಒಂದು ಚಿತ್ರ ಕೊಟ್ಟುಹೋದ. ಮರದ ಅಚ್ಚಿನಿಂದ ಒತ್ತಿದ ಚಿತ್ರ. ಬೆಳ್ಳಗಿನ ಮುಖ, ಎತ್ತಿ ಕಟ್ಟಿದ ಮುಡಿಯ ತುಂಬ ಬಾಚಣಿಗೆ, ಪದರು ಪದರಾದ ನಿಲುವಂಗಿ, ಹೊಟ್ಟೆಯ ಮುಂದೆ ನಡುಪಟ್ಟಿಯ ದೊಡ್ಡ ಗಂಟು. ಕ್ಯಾಸ್ಮಿರನ ಹೆಂಡತಿ ಲೂರ್ಡ್ಸ್ ಅವಳನ್ನು ರಾಣಿಯೆಂದೇ ತಿಳಿದಳು. ದೇವರ ಪೀಠದ ಪಕ್ಕ ಮೊಳೆಯೊಂದು ಖಾಲಿಯಿತ್ತು, ಅಲ್ಲೇ ತೂಗುಹಾಕಿದಳು. ಗುರುವಾರ ಸಂಜೆ ಜಪಸರದ ಪ್ರಾರ್ಥನೆಗೆ ಬಂದವರೆಲ್ಲ ಮೆಚ್ಚಿಕೊಂಡರು.

೧೯೯೮ರ ಕ್ರಿಸ್ಮಸ್ಸಿಗೆ ಹೊಸ ಇಂಜಿನಿಯರನ ಹೆಂಡತಿ ಮಿಚಿಕೊ ಹಬ್ಬದ ತಿಂಡಿ ಕುಸ್ವಾರ್ ತಿನ್ನಲು ಬಂದಳು. ಮೇಲಿನ ಮನೆಯ ಆಲಿಸ್ ಕೂಡ ಇದ್ದಳು.

"ಇದು ನಿಮ್ಮ ರಾಣಿ ಅಲ್ವಾ?" ಲೂರ್ಡ್ಸ್ ತನಗೆ ಬರುವ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಕೇಳಿದಳು.

ಮಿಚಿಕೊ ಚಿತ್ರ ನೋಡಿದಳು, ಪಕ್ಕದ ಮಾತೆ ಮರಿಯಳನ್ನೂ ನೋಡಿದಳು. "ರಾಣಿಯಲ್ಲ. ನಡುಪಟ್ಟಿಯ ಗಂಟು ಮುಂದೆ ಕಟ್ಟಿದ್ದಾಳೆ, ನೋಡಿ. ದುಡ್ಡು ಕೊಟ್ಟ ಗಂಡಸರಿಗಾಗಿ ಇದ್ದವಳು" ಎಂದಳು ಮೆಲ್ಲಗೆ.

ಆಲಿಸ್ ಶಿಲುಬೆಯ ಗುರುತು ಮಾಡಿಕೊಂಡಳು. ಲೂರ್ಡ್ಸಳ ಕಿವಿ ಬಿಸಿಯಾಯಿತು. ಅತಿಥಿಯ ಎದುರೇ ಚಿತ್ರ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು.

ಮಿಚಿಕೊ ನೊಂದುಕೊಂಡಳು. "ಬಡವರ ಹೆಣ್ಣುಮಕ್ಕಳು. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಮಾರಿಬಿಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ."

ಎಲ್ಲರೂ ಹೋದ ಮೇಲೆ ಕ್ಯಾಸ್ಮಿರ್, "ಬಿಸಾಡು ಮಾರಾಯ್ತಿ, ಖಲಾಸ್" ಎಂದ. ಲೂರ್ಡ್ಸಳಿಗೆ ಕೈ ಬರಲಿಲ್ಲ. ಕೆಳಗಿನ ಕೋಣೆಯ ಆಗ್ನೆಸಳ ನೆನಪಾಗಿತ್ತು.

ಆಗ್ನೆಸ್ ಇಬ್ರಿ ಎಂಬ ಊರಿನಲ್ಲಿ, ವೀಸಾ ಕೊಟ್ಟು ಕರೆಸಿಕೊಂಡ ಕಫೀಲನ ಮನೆಗೆಲಸ ಬಿಟ್ಟು ಓಡಿಬಂದವಳು. ಈಗ ಒಂಟಿ ಗಂಡಸರ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದಳು. ಜನ ಏನೇನೋ ಆಡಿಕೊಂಡರು. ಅಕ್ಟೋಬರಿನಲ್ಲಿ ಲೂರ್ಡ್ಸ್ ಅವಳನ್ನು ಬಾಗಿಲಲ್ಲೇ ತಡೆದಿದ್ದಳು: "ಇನ್ನು ಜಪಸರಕ್ಕೆ ಬರುವುದು ಬೇಡ. ಮರ್ಯಾದಸ್ಥರು ಬರುವ ಮನೆ ಇದು." ಆಗ್ನೆಸ್ ಮೆಟ್ಟಿಲಿಳಿದು ಹೋಗಿದ್ದಳು.

ಚಿತ್ರ ಇಳಿಸಿದ ಮರುದಿನ ಬೆಳಿಗ್ಗೆ ಲೂರ್ಡ್ಸ್ ಕುಸ್ವಾರಿನ ತಟ್ಟೆ ಹಿಡಿದು ಅವಳ ಬಾಗಿಲು ತಟ್ಟಿದಳು.

"ಆಗ್ನೆಸ್ ಬಾಯಿ, ಅವತ್ತು ನಾನು ಹೇಳಿದ್ದು ತಪ್ಪಾಯ್ತು."

"ಇಬ್ರಿಯಲ್ಲಿ ಎಂತ ಆಯ್ತು ಅಂತ ನೀವು ಕೇಳ್ಲೇ ಇಲ್ಲ."

"ಈಗ ಕೇಳ್ತೇನೆ."

"ಈಗ ನನಗೆ ಹೇಳ್ಲಿಕ್ಕೆ ಮನಸ್ಸಿಲ್ಲ."

ಜಗಳದ ಧ್ವನಿಯಿರಲಿಲ್ಲ. ಆಗ್ನೆಸ್ ತಿಂಡಿ ತೆಗೆದಿರಿಸಿ, ತಟ್ಟೆ ತೊಳೆದು, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಹಿಂತಿರುಗಿಸಿದಳು. ಅಷ್ಟು ಮರ್ಯಾದೆ ಎದುರಿಸಿ ನಿಲ್ಲುವುದು ಲೂರ್ಡ್ಸಳಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಮನೆಗೆ ಬಂದು ಚಿತ್ರವನ್ನು ಹಳೆಯ ಹಾಸುಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಎಸೆಯಲೂ ಇಲ್ಲ, ತೂಗುಹಾಕಲು ಧೈರ್ಯವೂ ಬರಲಿಲ್ಲ.

ಆಗ್ನೆಸ್ ಮತ್ತೆಂದೂ ಜಪಸರಕ್ಕೆ ಬರಲಿಲ್ಲ. ಬೇಸಿಗೆ ಶುರುವಾಗುವ ಮೊದಲೇ ಬುರೈಮಿಯ ಹೊಟೇಲೊಂದಕ್ಕೆ ಕೆಲಸಕ್ಕೆ ಹೋದಳು. ಗುರುವಾರ ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಆಲಿಸ್, "ಹೋದದ್ದು ಒಳ್ಳೇದೇ ಆಯ್ತು" ಎಂದಳು.

"ಹಾಗೆ ಹೇಳ್ಬೇಡಿ" ಎಂದಳು ಲೂರ್ಡ್ಸ್. "ಅವಳು ದೇವರ ಹತ್ರ ಬಂದಿದ್ಳು. ಬಾಗಿಲಿಂದ ಓಡಿಸಿದ್ದು ನಾನು."

ಜಪಸರ ಶುರುಮಾಡಬೇಕಾದವಳು ಅವಳೇ ಆಗಿದ್ದಳು; ಕೈಯಲ್ಲಿದ್ದ ಮಣಿಸರವನ್ನು ಗಂಡನ ಕೈಗಿತ್ತಳು. ಕ್ಯಾಸ್ಮಿರನೇ ಶುರುಮಾಡಿದ.