ರೈಟರ್ ತಾತನ ಅಮೆರಿಕ

ಶಾಲೆಯ ಲೈಬ್ರರಿಗೆ ಕೊಡು ಎಂದು ಅವ್ವ ತನ್ನ ಟ್ರಂಕಿನಿಂದ ಒಂದು ಪುಸ್ತಕ ತೆಗೆದುಕೊಟ್ಟಳು. ನಾನು ಪಾಠ ಮಾಡುವ ಶಿರಂಗಾಲದ ಶಾಲೆಗೆ ತಂದು ಸ್ಟಾಫ್ ರೂಮಿನಲ್ಲಿ ಬಿಡಿಸಿದರೆ ಹಾಳೆಗಳ ಸಂದಿಯಿಂದ ಒಂದು ಕಾಳುಮೆಣಸು ಉರುಳಿ ಮೇಜಿನ ಮೇಲೆ ಬಿತ್ತು. ಮೂಸಿದೆ. ಇಷ್ಟು ವರ್ಷವಾದರೂ ಘಾಟು ಹೋಗಿರಲಿಲ್ಲ. ಎರಡು ಸೀನು ಬಂದವು, ಹಿಂದೆಯೇ ರೈಟರ್ ತಾತನೂ ಬಂದರು.

ಅವರು ಕತೆ ಬರೆಯುವವರಲ್ಲ. ಎಸ್ಟೇಟಿನಲ್ಲಿ ಹಾಜರಿ ಹಾಕಿ ಕೆಲಸ ಹಂಚುವವರನ್ನು ನಮ್ಮ ಕಡೆ ರೈಟರ್ ಎನ್ನುತ್ತೇವೆ. ಮಡಿಕೇರಿ ರಸ್ತೆಯ ಆ ಎಸ್ಟೇಟಿನಲ್ಲಿ ಅವ್ವ ಕಾಫಿ ಹಣ್ಣು ಕೀಳುವ ಪಿಕಿಂಗ್‌ಗೆ ಹೋಗುತ್ತಿದ್ದಳು, ನಾವು ಕೂಲಿಯವರ ಸಾಲುಮನೆಗಳಾದ ಲೈನಿನ ನಾಲ್ಕನೇ ಮನೆಯಲ್ಲಿದ್ದೆವು. ಬಂಗಲೆಯ ಮಕ್ಕಳು ಓದಿ ಬಿಟ್ಟ ಒಂದು ಪೆಟ್ಟಿಗೆ ಪುಸ್ತಕ ಹೇಗೋ ತಾತನ ಪಾಲಿಗೆ ಬಂದಿತ್ತು. ಎಲ್ಲವೂ ಅಮೆರಿಕದ್ದು. ಅಲ್ಲಿನ ರೈಲು, ಕಾಡುಕೋಣ, ಮರದ ದಿಮ್ಮಿಯ ಮನೆಗಳು, ಹಬ್ಬಗಳು… ಪುಟಪುಟಕ್ಕೂ ಬಣ್ಣದ ಚಿತ್ರ. ಹುಳ ಬಾರದಿರಲಿ ಎಂದು ತಾತ ಪ್ರತಿ ಪುಸ್ತಕಕ್ಕೂ ನಾಲ್ಕು ಕಾಳು ಮೆಣಸು ಹಾಕಿಡುತ್ತಿದ್ದರು.

ಭಾನುವಾರ ಅವರ ಜಗಲಿ ತುಂಬ ನಾವೇ. ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುವುದು ಅವರ ಪದ್ಧತಿ. ಹೇಳುವಾಗ ಇಡೀ ಅಮೆರಿಕವನ್ನು ಕೊಡಗಿಗೆ ಎಳೆದು ತರುತ್ತಿದ್ದರು. ಅಲ್ಲಿನ ಸುಗ್ಗಿಯ ಹಬ್ಬ ಪುತ್ತರಿಯಾಗುತ್ತಿತ್ತು. ಅಲ್ಲಿನ ದೊಡ್ಡ ನದಿಗೆ ಹಾರಂಗಿಯಂಥ ಹತ್ತು ಡ್ಯಾಮ್ ಕಟ್ಟಿದರೂ ಸಾಲದು ಎನ್ನುತ್ತಿದ್ದರು. ನಾವೂ ಬಾಯಿಬಿಟ್ಟುಕೊಂಡು ನಂಬುತ್ತಿದ್ದೆವು.

ಒಂದು ಭಾನುವಾರ ಹತ್ತಿ ಹೊಲದ ಚಿತ್ರ ಬಂತು. "ಇದು ಹತ್ತಿ ಎಸ್ಟೇಟು. ಇವ್ರು ಪಿಕಿಂಗ್ ಮಾಡ್ತಿದ್ದಾರೆ. ಹಿಂದೆ ಕಾಣ್ತದಲ್ಲ, ಅದು ಲೈನು" ಎಂದರು. ಆಮೇಲೆ, ಇವರೆಲ್ಲ ಗುಲಾಮರು, ಇವರನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು ಎಂದರು. ಮೂರನೇ ಕ್ಲಾಸಿನ ನನ್ನ ಬುದ್ಧಿ ಎರಡನ್ನೂ ಸಲೀಸಾಗಿ ಕೂಡಿಸಿತು. ಮನೆಗೆ ಓಡಿ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ, "ಅವ್ವಾ, ನಾವು ಗುಲಾಮರಂತೆ. ನಮ್ಮನ್ನ ಮಾರ್ಬೋದಂತೆ" ಎಂದೆ.

ಅವ್ವ ಮೊರ ಕೆಳಗಿಟ್ಟಳು. ನನ್ನ ರಟ್ಟೆ ಹಿಡಿದು ಸೀದಾ ತಾತನ ಜಗಲಿಗೆ ನಡೆದಳು.

"ರೈಟ್ರೇ, ನನ್ನ ಯಾವ ಸಂತೇಲಿ ಕೊಂಡ್ಕೊಂಡ್ ಬಂದ್ರಿ? ನಾನು ಅರಕಲಗೂಡಿಂದ ಟಿಕೇಟ್ ತಗೊಂಡು ಬಸ್ಸಲ್ಲಿ ಬಂದೋಳು. ಬೇಡ ಅನ್ಸಿದ್ರೆ ನಾಳೆನೇ ಹತ್ತಿ ಹೋಗ್ತೀನಿ."

ಎದುರಿಗೆ ಯಾರೂ ಹಾಗೆ ಮಾತಾಡಿದ್ದನ್ನು ತಾತ ಕೇಳಿರಲಿಕ್ಕಿಲ್ಲ. ಅವರ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವ್ವ ನನ್ನತ್ತ ತಿರುಗಿ, "ನೀ ಮನೆಗೆ ನಡಿ. ಇನ್ ಈ ಕಡೆ ಬಂದ್ರೆ ಕಾಲ್ ಮುರೀತೀನಿ" ಎಂದಳು. ಆಮೇಲೆ ಅಲ್ಲಿ ಏನಾಯಿತೋ ನನಗೆ ತಿಳಿಯಲಿಲ್ಲ. ಪುಸ್ತಕ ಹೋಯಿತಲ್ಲ ಎಂದು ದಾರಿಯುದ್ದಕ್ಕೂ ಅತ್ತೆ. ಆ ವಾರದಷ್ಟು ಉದ್ದದ ವಾರ ನನ್ನ ಜೀವನದಲ್ಲಿ ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ತಾತ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ತಾವೇ ಲೈನಿಗೆ ಬಂದರು. ನಲ್ಲಿಕಟ್ಟೆಯ ಮೇಲೆ ಕೂತು, "ಹೋದ ವಾರ ನಾನು ತಪ್ಪು ಹೇಳಿದ್ದೆ" ಎಂದೇ ಶುರು ಮಾಡಿದರು. ಗುಲಾಮರನ್ನು ಹಿಡಿದು ತಂದದ್ದು, ತಾಯಿಯನ್ನೂ ಮಗುವನ್ನೂ ಬೇರೆ ಬೇರೆ ಮಾರಿದ್ದು, ಅವರು ತಪ್ಪಿಸಿಕೊಂಡು ಓಡಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದರು. ಕೊಡ ಹಿಡಿದು ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಅವ್ವ ಬಾಗಿಲಲ್ಲೇ ಇದ್ದಳು. ಕೊನೆಗೆ ತಡೆಯಲಾರದೆ, "ಓಡೋದೋರು ಸಿಕ್ಕಿಬಿದ್ರಾ?" ಎಂದಳು.

"ಕೆಲವ್ರು ಸಿಕ್ಕಿದ್ರು, ಕೆಲವ್ರು ಪಾರಾದ್ರು. ಎಲ್ರಿಗೂ ಬಿಡುಗಡೆ ಆಗೋಕೆ ಒಂದು ಯುದ್ಧವೇ ಆಗ್ಬೇಕಾಯ್ತಮ್ಮ."

"ಆಗ್ಲಿ ಬಿಡಿ" ಎಂದಳು ಅವ್ವ, ಆ ಯುದ್ಧಕ್ಕೆ ತಾನೇ ಅಪ್ಪಣೆ ಕೊಟ್ಟವಳಂತೆ. ಅಂದಿನಿಂದ ನನ್ನ ಕಾಲಿಗೆ ಭಯವಿರಲಿಲ್ಲ. ಅವ್ವನೂ ಬಂದು ಹಿಂದೆ ಕೂರುತ್ತಿದ್ದಳು.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ತಾತ ಕೆಲಸ ಬಿಟ್ಟು ಊರಿಗೆ ಹೊರಟರು. ಹೋಗುವಾಗ ಈ ಒಂದು ಪುಸ್ತಕವನ್ನು, ನನಗಲ್ಲ, ಓದಲು ಬಾರದ ಅವ್ವನ ಕೈಗೆ ಕೊಟ್ಟರು. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ತಿಂಗಳ ಮೇಲೆ… ನಾನು ಚರಿತ್ರೆ ಪಾಠ ಮಾಡುವುದನ್ನು ಅವರು ನೋಡಲಿಲ್ಲ. ಚೆನ್ನಾಗಿಯೇ ಮಾಡುತ್ತೇನೆ, ಅವರು ನೋಡಬೇಕಿತ್ತು.

ಮೆಣಸು ಪಕ್ಕಕ್ಕಿಟ್ಟು ಹತ್ತಿ ಹೊಲದ ಪುಟ ಹುಡುಕಿದೆ. ಅಂಚಿನಲ್ಲಿ ಪೆನ್ಸಿಲಿನಿಂದ 'ಲೈನು' ಎಂದು ಬರೆದು ಹೊಡೆದುಹಾಕಿತ್ತು. ಕೆಳಗೆ, ಹಾಜರಿ ಪುಸ್ತಕದ ಅದೇ ದುಂಡು ಅಕ್ಷರ: 'ಲೈನು ಅಲ್ಲ. ಗುಲಾಮರ ಗುಡಿಸಲು. ನಮ್ಮ ಜನ ಯಾರ ಸ್ವತ್ತೂ ಅಲ್ಲ. ತಪ್ಪು ನನ್ನದು.'

ಸಂಜೆ ಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತು. ಅವತ್ತು ನಿನ್ನ ಮನೆಗೆ ಕಳ್ಸಿ, ನಾನೇ ಎದುರಿಗೆ ನಿಂತು ಬರೆಸ್ದೆ" ಎಂದಳು. "ದಿನಾ ನನ್ನ ಹೆಸ್ರು ಬರೀತಿದ್ರಲ್ಲ. ಅವತ್ತೊಂದಿನ ನಾನು ಹೇಳಿದ್ದು ಬರೆದ್ರು."