ಡರ್ಹಮ್‌ನಿಂದ ತಂದ ಎರಡು ಅಕ್ಷರ

ತೊಂಬತ್ತಾರನೇ ಇಸವಿಯ ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರಕ್ಕೆ ನಮ್ಮೂರು ಶ್ಯಾಂಟಿಲಿಯಿಂದ ಡರ್ಹಮ್‌ಗೆ ಹೊರಟೆ. "ಇನ್ನೂರೈವತ್ತು ಮೈಲಿ ಒಬ್ಬಳೇ ಡ್ರೈವ್ ಮಾಡ್ತೀಯಾ? ಕೇಳಿದ್ರೆ ಅವರೇ ಬರೆದು ಪೋಸ್ಟಲ್ಲಿ ಕಳಿಸ್ತಿರಲಿಲ್ವಾ?" ಅಂದರು ನನ್ನ ಗಂಡ. ಕಾಫಿ ಚೆಲ್ಲಿದವಳು ನಾನು. ನಾನೇ ಹೋಗಬೇಕಿತ್ತು.

ಫೇರ್‌ಫ್ಯಾಕ್ಸ್‌ನ ನಮ್ಮ ಕರಾಟೆ ಶಾಲೆಯ ಗೋಡೆಯ ಮೇಲೆ ಜಪಾನಿ ಕುಂಚದಲ್ಲಿ ಬರೆದ ಎರಡು ಅಕ್ಷರಗಳಿದ್ದವು: ಶೋಶಿನ್. ಕಲಿಯಲು ಬಂದ ಮೊದಲ ದಿನದ ಮನಸ್ಸು ಎಂದರ್ಥ. ಗೋಡೆಗೆ ಬಣ್ಣ ಹೊಡೆಯುವ ದಿನ ಆ ಹಾಳೆ ಇಳಿಸಿ ಮೇಜಿನ ಮೇಲಿಟ್ಟಿದ್ದೆ. ಅದರ ಮೇಲೇ ಕಾಫಿ ಚೆಲ್ಲಿತು. ಮೇಷ್ಟ್ರು ಬೈಯಲಿಲ್ಲ, ಆ ಜಾಗದಲ್ಲಿ ಬೇರೇನನ್ನೂ ಹಾಕಲೂ ಇಲ್ಲ. ಅದನ್ನು ಬರೆದವರು ಅವರ ಗುರುಗಳ ಹೆಂಡತಿ, ಮಿಸೆಸ್ ಒಕಾದಾ. ಗುರುಗಳು ತೀರಿಕೊಂಡ ಮೇಲೆ ಮೇಷ್ಟ್ರು ಆಕೆ ಇರುವ ಡರ್ಹಮ್ ಕಡೆ ತಲೆ ಹಾಕಿರಲಿಲ್ಲ. ಹೊಸದಾಗಿ ಬರೆಸಿಕೊಂಡು ಬರುತ್ತೇನೆ ಎಂದು ನಾನು ಕೇಳಿದಾಗ ವಿಳಾಸ ಬರೆದುಕೊಟ್ಟರು, ಅಷ್ಟೇ.

ರಿಚ್ಮಂಡ್‌ವರೆಗೆ ಸಣ್ಣ ಮಳೆ. ಆಮೇಲೆ ರಸ್ತೆಯ ಎರಡೂ ಕಡೆ ಪೈನ್ ಮರಗಳು. ನಾರ್ತ್ ಕ್ಯಾರೊಲೈನಾ ಗಡಿ ದಾಟಿ, ರೆಸ್ಟ್ ಏರಿಯಾದಲ್ಲಿ ಪುಳಿಯೋಗರೆ ಬಿಚ್ಚಿದೆ. ಡರ್ಹಮ್ ತಲುಪಿದಾಗ ಹನ್ನೊಂದೂವರೆ, ವಿಪರೀತ ಸೆಖೆ.

ಮಿಸೆಸ್ ಒಕಾದಾ ಕಲೆಯಾದ ಹಾಳೆ ನೋಡಿ ನಕ್ಕರು. ನಂತರ ಬಲಗೈ ಚಾಚಿ ತೋರಿಸಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು.

"ಎರಡು ವರ್ಷದಿಂದ ಕುಂಚ ಮುಟ್ಟಿಲ್ಲ. ನೀನೇ ಬರೆ."

"ನನಗೆ ಬರೋದಿಲ್ಲ."

"ಬರದಿದ್ದರೆ ಒಳ್ಳೆಯದೇ ಆಯಿತು," ಎಂದು ಮಸಿ ತೇದು ಮುಂದಿಟ್ಟರು.

ನನ್ನ ಮೊದಲ ಗೆರೆ ಬಸವನಹುಳದ ಹಾಗೆ ಊದಿಕೊಂಡಿತು. ಅವರಿಗೆ ತಡೆಯಲಾಗಲಿಲ್ಲ. ಹಿಂದೆ ಬಂದು ನಿಂತು, ನನ್ನ ಕೈಯನ್ನು ತಮ್ಮ ಕೈಯಿಂದ ಹಿಡಿದರು. ಅವರ ನಡುಕ ನನ್ನ ಮೊಣಕೈವರೆಗೂ ಬಂತು. ಆರು ಹಾಳೆ ಹಾಳಾದವು. ಏಳನೆಯದರಲ್ಲಿ ಎಲ್ಲಿ ನಿಧಾನಿಸಬೇಕು ಅನ್ನುವುದು ಇಬ್ಬರಿಗೂ ಗೊತ್ತಾಗಿತ್ತು. ಅವರು ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿ, ಪಕ್ಕದಲ್ಲಿ ನನ್ನ ಹೆಸರನ್ನು ಕನ್ನಡದಲ್ಲೇ ಬರೆಸಿದರು. ಬಾಗಿಲವರೆಗೆ ಬಂದು, "ಅವನು ಚೆನ್ನಾಗಿದ್ದಾನಾ?" ಎಂದು ಮಾತ್ರ ಕೇಳಿದರು.

ಮರುದಿನ ಸಂಜೆ ಮೇಷ್ಟ್ರು ಹಾಳೆ ಬಿಡಿಸಿ ಬಹಳ ಹೊತ್ತು ನೋಡಿದರು. ಅಂಕುಡೊಂಕಾದ ಗೆರೆಯ ಮೇಲೆ ಬೆರಳಿಟ್ಟರು.

"ಇದು ನಿನ್ನ ಕೈಯಾ?"

"ಇಬ್ಬರದೂ. ಅವರ ಕೈ ತುಂಬ ನಡುಗುತ್ತೆ. ನೀವು ಚೆನ್ನಾಗಿದ್ದೀರಾ ಅಂತ ಕೇಳಿದರು."

ಅವರು ಹಾಳೆಯನ್ನು ಗೋಡೆಗೆ ಹಾಕಿ, ಕ್ಲಾಸ್ ಶುರುಮಾಡಿದರು.

ಶನಿವಾರ ಹೋದರೆ ಶಾಲೆಗೆ ಬೀಗ. ಬಾಗಿಲ ಮೇಲೆ ಅವರ ಅಕ್ಷರದಲ್ಲಿ ಒಂದು ಚೀಟಿ: ಇವತ್ತು ಕ್ಲಾಸ್ ಇಲ್ಲ, ಡರ್ಹಮ್‌ಗೆ ಹೋಗಿದ್ದೇನೆ.