ಒಂದು ಅಂಗಿಗೆ ಮೂರು ಕೈ

ವೈರಸ್ ರೋಗಗಳ ಚಿಕಿತ್ಸೆಯಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಔಷಧ ಹೇಗೆ ಕೆಲಸ ಮಾಡುತ್ತದೆಂದು ರೋಗಿಗೆ ತಿಳಿಯುವಂತೆ ಹೇಳಿ, ಅವನು ತಿರುಗಿ ಕೇಳಿದ್ದಕ್ಕೂ ಕಿವಿಗೊಟ್ಟವರು ಕಡಿಮೆ. ಆಸ್ಪತ್ರೆಯ ಸೋಂಕು ವಿಭಾಗವನ್ನು ಇಷ್ಟು ಕಾಲ ನಡೆಸಿ ಈಗ ನಿವೃತ್ತರಾಗುತ್ತಿರುವ ಡಾಕ್ಟರಮ್ಮನವರು ಅಂಥವರಲ್ಲಿ ಮೊದಲಿಗರು.

ಅವರು ಸೇರಿದಾಗ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎಚ್‌ಐವಿ ಎಂದರೆ ಬಂಧುಗಳೂ ಹೊಸಿಲಾಚೆಯೇ ನಿಲ್ಲುತ್ತಿದ್ದ ಆ ದಿನಗಳಲ್ಲಿ ಡಾಕ್ಟರಮ್ಮ ರೋಗಿಯ ಪಕ್ಕದಲ್ಲೇ ಬೆಂಚಿನ ಮೇಲೆ ಕೂರುತ್ತಿದ್ದರು. ಬಸ್ಸು ತಪ್ಪಿದವರಿಗೆ ತಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದರು.

ಆ ಬೆಂಚಿಗೆ ಒಮ್ಮೆ ಎಚ್‌ಐವಿ ಇದ್ದ ಒಬ್ಬ ದರ್ಜಿ ಹೆಂಡತಿಯೊಂದಿಗೆ ಬಂದರು. "ರೋಗ ಒಂದೇ ತಾನೇ, ಮೂರು ಮಾತ್ರೆ ಯಾಕಮ್ಮಾ?" ಎಂದರು.

"ನಿಮ್ಮ ಅಂಗಡಿಗೆ ಒಬ್ಬ ಕಿಡಿಗೇಡಿ ನುಗ್ಗಿದ ಅಂದ್ಕೊಳ್ಳಿ," ಎಂದು ಡಾಕ್ಟರಮ್ಮ ಶುರು ಮಾಡಿದರು. "ತನ್ನ ನಮೂನೆ ತಂದು, ನಿಮ್ಮ ಬಟ್ಟೇಲಿ ನಕಲು ಮಾಡಿ, ನಿಮ್ಮ ಮಿಷಿನ್ನಲ್ಲೇ ಹೊಲಿದು, ಕತ್ತರಿಸಿ ಹೊರಗೆ ಕಳಿಸ್ತಾನೆ. ಕೆಲವು ಔಷಧ ಅವನನ್ನ ಬಾಗಿಲಲ್ಲೇ ತಡೀತವೆ. ಫ್ಲೂ ಔಷಧ ಹೊರಗೆ ಹೋಗೋವಾಗ ಹಿಡ್ಕೊಳ್ಳುತ್ತೆ. ನಿಮ್ಮ ಮೂರರಲ್ಲಿ ಒಂದು, ನಕಲಿಗೆ ತುಂಡು ದಾರ ಕೊಡುತ್ತೆ, ಕೆಲಸ ಅರ್ಧಕ್ಕೇ ನಿಲ್ಲುತ್ತೆ. ಇನ್ನೊಂದು ನಕಲು ಮಾಡೋ ಕೈಯನ್ನೇ ಕಟ್ಟಿಹಾಕುತ್ತೆ. ಮೂರನೇದು ಕತ್ತರಿ ಮೊಂಡು ಮಾಡುತ್ತೆ."

ದರ್ಜಿ ತಲೆದೂಗಿದರು. ಮೊದಮೊದಲು ರಕ್ತದಲ್ಲಿ ವೈರಸ್ ಇಳಿಯಿತು. ಆಮೇಲೆ ಏರಿತು. ಡಾಕ್ಟರಮ್ಮನಿಗೆ ದಿಕ್ಕು ತೋಚಲಿಲ್ಲ. ರಕ್ತದ ಮಾದರಿ ಅದಲುಬದಲಾಯಿತೇ? ಮತ್ತೆ ಪರೀಕ್ಷಿಸಿದರು, ಅದೇ ಉತ್ತರ. ಮಾತ್ರೆ ಕೆಟ್ಟದ್ದೇ? ಅದೇ ಮಾತ್ರೆ ನುಂಗಿದ ಬೇರೆಯವರು ಗಟ್ಟಿಮುಟ್ಟಾಗಿದ್ದರು. ದರ್ಜಿ ಮಾತ್ರ ಕಡ್ಡಿಯಾಗುತ್ತಿದ್ದರು.

"ಮಾತ್ರೆ ತಪ್ಪಿಸ್ತೀರಾ?"

"ದೇವರಾಣೆ ಒಂದು ದಿನವೂ ಇಲ್ಲ."

"ತಪ್ಪಿಸಲ್ಲ ಕಣಮ್ಮಾ, ಸರದಿ ಹಾಕಿದ್ದಾರೆ," ಎಂದರು ಹೆಂಡತಿ. "ಈ ವಾರ ದಾರದ ಮಾತ್ರೆ ಒಂದೇ, ಮುಂದಿನ ವಾರ ಕತ್ತರಿಯದೊಂದೇ! ನನ್ನ ಮಾತು ಇವರ ಕಿವಿಗೆ ಯಾವತ್ತು ಬಿದ್ದಿದೆ?"

ದರ್ಜಿ ಸಿಡುಕಿದರು. "ನಮ್ಮಲ್ಲಿ ಒಂದು ಅಂಗಿಗೆ ಒಂದೇ ಕೈ. ಮೂವರು ಕೈ ಹಾಕಿದ್ರೆ ತೋಳು ಒಂದು ಕಡೆ, ಕಾಲರ್ ಒಂದು ಕಡೆ. ನಕಲೇ ನಿಂತ ಮೇಲೆ ಕತ್ತರಿಗೇನಮ್ಮಾ ಕೆಲಸ? ನೀವೇ ಹೇಳಿದ್ದಲ್ವಾ?"

ಡಾಕ್ಟರಮ್ಮನಿಗೆ ಓದಿದ್ದೆಲ್ಲ ನೆನಪಿತ್ತು, ಈ ಮನುಷ್ಯನಿಗೆ ಏನು ಹೇಳಬೇಕೆಂಬುದೊಂದೇ ಹೊಳೆಯಲಿಲ್ಲ. ಹಳೆಯ ಮಾತ್ರೆ ಸೋತಾಗಿತ್ತು. ಒಪ್ಪಿಸದೆ ಕಳಿಸಿದರೆ ಹೊಸ ಮಾತ್ರೆಗಳಿಗೂ ಇದೇ ಗತಿ. ಅವೂ ಸೋತರೆ ಕೊಡಲು ಆಗ ಬೇರೆ ಇರಲಿಲ್ಲ. ಎದ್ದು ಹೊರಗೆ ಹೋದರು. ಸಿಬ್ಬಂದಿ ನೋಡುತ್ತಿದ್ದಂತೆ ಕಿಟಕಿಯ ಹತ್ತಿರ ತಲೆ ಕೆರೆದುಕೊಳ್ಳುತ್ತ ನಿಂತರು. ಬಂದು ಮತ್ತೆ ಬೆಂಚಿನ ಮೇಲೆ ಕೂತರು.

"ಆ ಕಿಡಿಗೇಡಿ ಅವಸರದ ದರ್ಜಿ. ನಕಲು ಮಾಡೋವಾಗ ಅಳತೆ ತಪ್ಪಿಸ್ತಾನೇ ಇರ್ತಾನೆ."

"ನಮ್ಮಲ್ಲಾದ್ರೆ ಗಿರಾಕಿ ಮುಖಕ್ಕೆ ಎಸೀತಾನೆ."

"ಅವನಿಗೆ ಗಿರಾಕಿ ಇಲ್ಲ. ಅಷ್ಟು ತಪ್ಪಿನಲ್ಲಿ ಎಲ್ಲೋ ಒಂದು ನಕಲು ತುಂಡು ದಾರಕ್ಕೂ ಬಗ್ಗದ ಹಾಗೆ ಹುಟ್ಟುತ್ತೆ. ಆಗ ಕತ್ತರಿ ಮೊಂಡಾಗಿದ್ರೆ ಅದರ ಆಟ ಅಲ್ಲಿಗೇ ಮುಗೀತು. ನೀವು ಆ ವಾರ ಕತ್ತರಿಯನ್ನ ಚೂಪಾಗೇ ಬಿಟ್ಟಿದ್ರಿ."

ದರ್ಜಿ ತಮ್ಮ ಬೆರಳು ನೋಡಿಕೊಂಡರು. "ಅಂದ್ರೆ, ನಾನೇ ಅವನಿಗೆ ಕಸುಬು ಕಲಿಸಿದೆ."

"ಇಬ್ಬರೂ ಸೇರಿ ಕಲಿಸಿದ್ವಿ. ನಾನು ಅರ್ಧ ಕಥೆ ಹೇಳಿದ್ದೆ."

ಮೂರೂ ಮಾತ್ರೆ ಬದಲಾದವು. ಈ ಸಲ ಮೂರನ್ನೂ ಒಟ್ಟಿಗೇ ನುಂಗಿದರು. ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯಿತು. ಕಳೆದ ತಿಂಗಳು ಅವರು ಮೊಮ್ಮಗಳ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಬೆಂಚಿನ ಮೇಲಿನ ಆ ಮಾತಿನ ದಿನದಿಂದ ಡಾಕ್ಟರಮ್ಮ ಮಾತ್ರೆ ಕೊಡುವ ಮೊದಲು, "ನಿಮಗೇನು ಅರ್ಥವಾಯ್ತು, ನನಗೊಮ್ಮೆ ಹೇಳಿ," ಎಂದು ಕೇಳದೆ ಯಾರನ್ನೂ ಕಳಿಸಿದ್ದಿಲ್ಲ. ಅವರ ಕೈಕೆಳಗೆ ಕಲಿತ ಯಾರೂ ಇಂದಿಗೂ ಕಳಿಸುವುದಿಲ್ಲ.

ಡಾಕ್ಟರಮ್ಮನವರಿಗೆ ಗಟ್ಟಿ ಆರೋಗ್ಯವೂ ನೂರು ವರ್ಷದ ಆಯಸ್ಸೂ ಇರಲಿ. ಕಿರಿಯ ವೈದ್ಯರಿಗೆ ಪಾಠ ಹೇಳಲು ವಾರಕ್ಕೊಮ್ಮೆಯಾದರೂ ಬರುತ್ತಿರಲಿ. ಉತ್ತರ ಹೊಳೆಯದಾಗ ನಮ್ಮ ಜೊತೆ ನಿಂತು ಇನ್ನೂ ಬಹುಕಾಲ ತಲೆ ಕೆರೆದುಕೊಳ್ಳುತ್ತಿರಲಿ.